ಈ ಪೆನ್ನು ಯಾವ ಊರಲ್ಲಿ ಬಾಳಬೇಕು? ಕೈಯಲ್ಲಿ ಕಡೆದ ಮರದ ಪೆನ್ನಿನ ರಿಪೇರಿ ಬಗ್ಗೆ ಒಂದು ಮಾತು

ಹೋದ ವರ್ಷ ಜುಲೈಯಲ್ಲಿ ಒಬ್ಬ ಹೆಣ್ಣುಮಗಳು ಮೈಸೂರಿನ ನಮ್ಮ ಮನೆಗೆ ಒಂದು ಪೆನ್ನು ತಂದರು. ಅವರು ಇರುವುದು ಶಿಕಾಗೋದಲ್ಲಿ. ರಜೆಗೆ ಬಂದಿದ್ದರು. ಅಪ್ಪನ ಮನೆ ತೀರ್ಥಹಳ್ಳಿ ಕಡೆ. ಪೆನ್ನು ಮಾಡಿದ್ದೂ ಆ ಅಪ್ಪನೇ. ಮೇಷ್ಟ್ರ ಕೆಲಸದಿಂದ ನಿವೃತ್ತರಾದ ಮೇಲೆ ಸಣ್ಣದೊಂದು ಲೇತ್, ಅಂದರೆ ಮರವನ್ನು ತಿರುಗಿಸುವ ಯಂತ್ರ, ಇಟ್ಟುಕೊಂಡು ಮರ ಕಡೆಯುವುದನ್ನು ಕಲಿತವರು. ಮನೆಯಲ್ಲಿ ಹಳೆಯ ಬೀಟೆ ಮಂಚದ ಕಾಲೊಂದು ಮುರಿದು ಅಟ್ಟದ ಮೇಲೆ ಬಿದ್ದಿತ್ತು. ಅದರಿಂದ ಮಗಳಿಗೆ ಅಂತ ಈ ಪೆನ್ನು ಕಡೆದುಕೊಟ್ಟಿದ್ದರು.

'ಸರ್, ಮೇಲಿನ ಅರ್ಧ ಉದ್ದಕ್ಕೂ ಸೀಳಿಹೋಗಿದೆ. ಉಗುರು ಸಿಕ್ಕಿಹಾಕಿಕೊಳ್ಳುತ್ತೆ' ಅಂದರು. ಬಟ್ಟೆ ಚೀಲದಿಂದ ತೆಗೆದು ಕೊಟ್ಟರು. ನಾನು ಕನ್ನಡಕ ಹಾಕಿಕೊಂಡು ಕಿಟಕಿ ಹತ್ತಿರ ಹೋದೆ. ತಿರುಗಿಸಿ ತಿರುಗಿಸಿ ನೋಡಿದೆ. ಬಿರುಕೇ ಇಲ್ಲ.

ಅವರಿಗೂ ಗಾಬರಿ. ಫೋನಿನಲ್ಲಿ ಫೆಬ್ರವರಿಯ ಫೋಟೋ ತೋರಿಸಿದರು. ಅದರಲ್ಲಿ ಬಿರುಕು ಸ್ಪಷ್ಟವಾಗಿ ಇದೆ, ಒಳಗಿನ ಹಿತ್ತಾಳೆ ಮಿನುಗುವಷ್ಟು ಅಗಲ. ಅದೇ ಪೆನ್ನು ಮೂರು ವಾರ ಮಲೆನಾಡಿನ ಮಳೆಯಲ್ಲಿ ಇದ್ದು ಬಂದಿತ್ತು. ಬಿರುಕು ತಾನೇ ಮುಚ್ಚಿಕೊಂಡಿತ್ತು.

ಆಗ ನಾನು ಏನಾದರೂ ಮಾಡಿದ್ದರೆ ತಪ್ಪಾಗುತ್ತಿತ್ತು. ಮುಚ್ಚಿದ ಬಿರುಕಿನ ಮೇಲೆ ಒಂದು ಹನಿ ಅಂಟು ಬಿಟ್ಟು, ಒರೆಸಿ, ಪಾಲಿಶ್ ಮಾಡಿ ಕೊಟ್ಟಿದ್ದರೆ ಅವರು ಸಂತೋಷದಿಂದ ಹೋಗುತ್ತಿದ್ದರು. ಜನವರಿ ಹೊತ್ತಿಗೆ ಪೆನ್ನು ಮತ್ತೆ ಸೀಳುತ್ತಿತ್ತು. ಬಹುಶಃ ಅದೇ ಜಾಗದಲ್ಲಿ ಅಲ್ಲ, ಪಕ್ಕದಲ್ಲಿ. ಹಾಗಾಗಿ ಪೆನ್ನು ಕೈಗೆ ಬಂದ ತಕ್ಷಣ ಅಂಟು ತೆಗೆಯಬೇಡಿ ಅಂತ ನಾನು ಎಲ್ಲರಿಗೂ ಕೇಳಿಕೊಳ್ಳುತ್ತೇನೆ. ಮೊದಲು ಎರಡು ಪ್ರಶ್ನೆ ಕೇಳಿ. ಇದು ಒಡೆದದ್ದು ಯಾಕೆ? ಇನ್ನು ಮುಂದೆ ಇದು ಬಾಳಬೇಕಾದ ಊರು ಯಾವುದು?

ಮಳೆಗಾಲದಲ್ಲಿ ನಿಮ್ಮ ಮನೆಯ ಬಾಗಿಲು ಬಿಗಿಯಾಗುತ್ತದೆ, ಅಲ್ವಾ? ಬೇಸಿಗೆಯಲ್ಲಿ ಸಲೀಸಾಗಿ ಹಾಕಿಕೊಳ್ಳುವ ಬಾಗಿಲನ್ನು ಆಷಾಢದಲ್ಲಿ ಭುಜ ಕೊಟ್ಟು ತಳ್ಳಬೇಕು. ಬಡಗಿಯನ್ನು ಕರೆದು ಅಂಚು ಹೆರೆಸುತ್ತೀರಿ. ಮಾರ್ಚ್ ಬಂದಾಗ ಅದೇ ಬಾಗಿಲಿನ ಸಂದಿಯಲ್ಲಿ ಬೆಳಕು ಕಾಣುತ್ತದೆ. ಅನುಭವಸ್ಥ ಬಡಗಿ ಮಳೆಗಾಲದಲ್ಲಿ ಬಾಗಿಲು ಹೆರೆಯಲು ಒಪ್ಪುವುದಿಲ್ಲ, 'ಮಳೆ ಕಳೀಲಿ ಸ್ವಾಮಿ' ಅನ್ನುತ್ತಾನೆ. ಆ ಮಾತಿನಲ್ಲಿ ಇಡೀ ಪೆನ್ನಿನ ರಿಪೇರಿ ಇದೆ.

ಮರ ಕಡಿದು ಎಷ್ಟೇ ವರ್ಷವಾದರೂ ಗಾಳಿಯ ತೇವವನ್ನು ಕುಡಿಯುತ್ತದೆ, ಬಿಡುತ್ತದೆ. ತುಂಬ ತೇವದ ಗಾಳಿಯಲ್ಲಿ ಮರದ ತೂಕದ ನೂರಕ್ಕೆ 16ರಿಂದ 20 ಭಾಗ ನೀರೇ ಇರಬಹುದು. ಚಳಿಗಾಲದಲ್ಲಿ ಹೀಟರ್ ಉರಿಯುವ ಅಮೆರಿಕದ ಮನೆಯೊಳಗೆ ಗಾಳಿಯ ತೇವ 30 ಪರ್ಸೆಂಟಿಗಿಂತ ಕೆಳಗೆ ಇಳಿಯುತ್ತದೆ. ಅಲ್ಲಿ ಅದೇ ಮರದಲ್ಲಿ ಉಳಿಯುವ ನೀರು ಸುಮಾರು 6 ಭಾಗ. ನೀರು ಹೋದಂತೆ ಮರ ಕುಗ್ಗುತ್ತದೆ. ಉದ್ದಕ್ಕೆ ಕುಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕುಗ್ಗುವುದೆಲ್ಲ ಅಡ್ಡಕ್ಕೆ.

ಬೀಟೆ ಹೆಚ್ಚು ಅಲುಗಾಡುವ ಮರ ಅಲ್ಲ. ಆದರೂ ಲೆಕ್ಕ ಹಾಕಿ ನೋಡಿ. 16ರಿಂದ 6ಕ್ಕೆ ಇಳಿದರೆ ಅಡ್ಡಕ್ಕೆ ನೂರಕ್ಕೆ ಸುಮಾರು ಒಂದೂವರೆ ಭಾಗ ಕುಗ್ಗುತ್ತದೆ. 12 ಮಿಲಿಮೀಟರ್ ದಪ್ಪದ ಪೆನ್ನಿನ ಸುತ್ತಳತೆ ಸುಮಾರು 38 ಮಿಲಿಮೀಟರ್. ಅದರಲ್ಲಿ ಒಂದೂವರೆ ಪರ್ಸೆಂಟ್ ಅಂದರೆ ಅರ್ಧ ಮಿಲಿಮೀಟರಿಗೂ ಸ್ವಲ್ಪ ಜಾಸ್ತಿ. ಫೆಬ್ರವರಿಯ ಫೋಟೋದಲ್ಲಿ ಕಂಡ ಬಿರುಕು ಹೆಚ್ಚುಕಡಿಮೆ ಅಷ್ಟೇ ಅಗಲ ಇತ್ತು.

ಬರೀ ಮರದ ತುಂಡಾಗಿದ್ದರೆ ಅದು ಕುಗ್ಗಿ ಸುಮ್ಮನಾಗುತ್ತಿತ್ತು. ಪೆನ್ನಿನ ಒಳಗೆ ಹಿತ್ತಾಳೆಯ ಕೊಳವೆ ಇದೆ. ಗಾಳಿಯ ತೇವ ಏರಲಿ, ಇಳಿಯಲಿ, ಹಿತ್ತಾಳೆಗೆ ಲೆಕ್ಕಕ್ಕಿಲ್ಲ. ಮೇಲಿನ ಮರ ಚಿಕ್ಕದಾಗುತ್ತ ಬರುತ್ತದೆ, ಒಳಗಿನ ಕೊಳವೆ ಜಗ್ಗುವುದಿಲ್ಲ. ಮಗು ಬೆಳೆಯುತ್ತದೆ, ಬಳೆ ಅಷ್ಟೇ ಇರುತ್ತದೆ. ಇಲ್ಲಿ ಅದು ಉಲ್ಟಾ: ಕೈ ಅಷ್ಟೇ ಇದೆ, ಬಳೆ ಚಿಕ್ಕದಾಗುತ್ತಿದೆ. ಕೊನೆಗೆ ಬಳೆ ಒಡೆಯುತ್ತದೆ.

ಪೆನ್ನು ಬಿಚ್ಚಿ ನೋಡದವರಿಗಾಗಿ ಒಳಗೆ ಏನಿರುತ್ತದೆ ಅಂತ ಹೇಳಿಬಿಡುತ್ತೇನೆ. ಮನೆಯಲ್ಲಿ ಕಡೆಯುವವರು ಹೆಚ್ಚಾಗಿ ಬಳಸುವುದು ಸ್ಲಿಮ್‌ಲೈನ್ ಅನ್ನುವ ಬಿಡಿಭಾಗಗಳ ಕಿಟ್ಟು. ಅದರಲ್ಲಿ 7 ಮಿಲಿಮೀಟರ್ ದಪ್ಪದ ಎರಡು ಹಿತ್ತಾಳೆ ಕೊಳವೆ ಬರುತ್ತವೆ. ಚೌಕದ ಮರದ ತುಂಡಿಗೆ ತೂತು ಕೊರೆದು, ಕೊಳವೆಯನ್ನು ಅಂಟಿನಿಂದ ಕೂರಿಸಿ, ಲೇತ್‌ನಲ್ಲಿ ಹಾಕಿ ತೆಳ್ಳಗೆ ಕಡೆಯುತ್ತಾರೆ. ಮುಗಿದಾಗ ಕೊಳವೆಯ ಸುತ್ತ ಉಳಿಯುವ ಮರ ಎರಡು ಎರಡೂವರೆ ಮಿಲಿಮೀಟರ್, ಅಷ್ಟೇ. ತುದಿಗಳಲ್ಲಿ ಇನ್ನೂ ತೆಳು. ಕೆಳಗಿನ ಅರ್ಧಕ್ಕೆ ಒಂದು ಕಡೆ ಮೂತಿ, ಇನ್ನೊಂದು ಕಡೆ ತಿರುಗಿಸಿದರೆ ರಿಫಿಲ್ಲು ಹೊರಬರುವ ಮೆಕ್ಯಾನಿಸಂ. ಮೇಲಿನ ಅರ್ಧಕ್ಕೆ ಕ್ಲಿಪ್ಪು ಮತ್ತು ತಲೆ. ನಡುವೆ ಒಂದು ಬ್ಯಾಂಡು. ಈ ಭಾಗಗಳಿಗೆ ಸ್ಕ್ರೂ ಇಲ್ಲ, ಅಂಟೂ ಇಲ್ಲ. ಕೊಳವೆಯೊಳಗೆ ಒತ್ತಿ ಕೂರಿಸಿದ್ದು, ಬಿಗಿಯಿಂದ ನಿಂತಿದ್ದು. ಹಾಗಾಗಿ ಬಿಚ್ಚಬಹುದು. ಎಷ್ಟೋ ಜನ ಇದು ಬಿಚ್ಚದ ಪೆನ್ನು ಅಂದುಕೊಂಡು, ರಿಫಿಲ್ಲು ಮುಗಿದಾಗ ಡ್ರಾಯರಿಗೆ ಹಾಕಿಬಿಡುತ್ತಾರೆ. ಮೇಲಿನ ಅರ್ಧ ಹಿಡಿದು ನೇರವಾಗಿ ಎಳೆಯಿರಿ, ಬರುತ್ತದೆ. ಆಮೇಲೆ ರಿಫಿಲ್ಲನ್ನು ತಿರುಗಿಸಿ ಬಿಚ್ಚಬೇಕು.

ಬಿರುಕುಗಳೆಲ್ಲ ಒಂದೇ ಅಲ್ಲ. ಉದ್ದಕ್ಕೂ, ಮರದ ಎಳೆಯ ಜೊತೆಗೇ ಹೋಗುವ ಬಿರುಕು ಒಣಗಿದ್ದರಿಂದ ಬಂದದ್ದು. ಒಂದು ತುದಿಯಲ್ಲಿ ಅಗಲವಾಗಿ ಶುರುವಾಗಿ ಒಂದು ಸೆಂಟಿಮೀಟರ್ ಹೋಗುವಷ್ಟರಲ್ಲಿ ಮಾಯವಾಗುವ ಬಿರುಕು ಜೋಡಿಸುವಾಗ ಬಂದದ್ದು. ಕೊಳವೆಯೊಳಗೆ ಒಣಗಿದ ಅಂಟು ಉಳಿದಿರುತ್ತದೆ, ಅದರ ಮೇಲೆಯೇ ಕ್ಲಿಪ್ಪನ್ನು ಒತ್ತಿರುತ್ತಾರೆ, ತೆಳುವಾದ ತುದಿ ಹಿಗ್ಗಿ ಸೀಳುತ್ತದೆ. ಇದಕ್ಕೂ ಹವೆಗೂ ಸಂಬಂಧವಿಲ್ಲ. ಭಾಗ ತೆಗೆದು, ಒಳಗಿನ ಅಂಟನ್ನು ಚಾಕುವಿನ ತುದಿಯಿಂದ ಕೆರೆದು, ಬಿರುಕಿಗೆ ಅಂಟು ಹಾಕಿ ದಾರ ಸುತ್ತಿಟ್ಟರೆ ಆಯಿತು. ಇನ್ನು ಕೆಲವು ಸಲ ಒಡೆದಿರುವುದು ಮರವೇ ಅಲ್ಲ, ಮೇಲಿನ ಹೊಳಪಿನ ಪದರ. ಒಂದು ಹನಿ ನೀರು ಬೆರಳಲ್ಲಿ ಸವರಿ ನೋಡಿ. ಬಿರುಕು ಮರದಲ್ಲಿದ್ದರೆ ನೀರು ಕುಡಿದು ಆ ಗೆರೆ ಕಪ್ಪಾಗುತ್ತದೆ.

ಇನ್ನೊಂದು ಪರೀಕ್ಷೆ ಕಿವಿಯದು. ಮಡಕೆ ಕೊಳ್ಳುವಾಗ ಬೆರಳಿಂದ ತಟ್ಟಿ ನೋಡುತ್ತೀರಲ್ಲ, ಹಾಗೆ. ಬರೀ ಮರ ಮತ್ತು ಕೊಳವೆ ಉಳಿದ ಮೇಲೆ ಒಂದು ನಾಣ್ಯದ ಅಂಚಿನಿಂದ ಸುತ್ತಲೂ ಮೆಲ್ಲಗೆ ತಟ್ಟುತ್ತ ಬನ್ನಿ. ಅಂಟು ಹಿಡಿದಿರುವ ಕಡೆ ಗಟ್ಟಿ ಸದ್ದು. ಬಿಟ್ಟಿರುವ ಕಡೆ ಪೊಳ್ಳು ಸದ್ದು. ಶಿಕಾಗೋ ಪೆನ್ನಿನಲ್ಲಿ ಬಿರುಕಿದ್ದ ಬದಿಯಲ್ಲಿ ಹೆಚ್ಚುಕಡಿಮೆ ಅರ್ಧ ಉದ್ದ ಪೊಳ್ಳು ಸದ್ದು ಕೇಳಿಸಿತು. ಅಲ್ಲಿಗೆ ಅರ್ಧ ಕಾರಣ ಸಿಕ್ಕಿತು. ಅಂಟು ಸುತ್ತಲೂ ಹಿಡಿದಿದ್ದರೆ ಕುಗ್ಗುವ ಎಳೆತ ಸುತ್ತಲೂ ಹಂಚಿಹೋಗುತ್ತದೆ. ಒಂದು ಕಡೆ ಬಿಟ್ಟಿದ್ದರೆ ಎಲ್ಲ ಎಳೆತವೂ ಅಲ್ಲಿಗೇ ಬಂದು ಸೇರುತ್ತದೆ.

ಅಂಟು ಯಾಕೆ ಬಿಟ್ಟಿತು? ಬೀಟೆಯಲ್ಲಿ ಎಣ್ಣೆಯ ಅಂಶ ಇದೆ. ಕೊಳವೆಯನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ ಒರಟು ಮಾಡದೆ, ತೂತಿನ ಒಳಗೆ ಅಸಿಟೋನ್ (ಉಗುರುಬಣ್ಣ ಅಳಿಸುವ ದ್ರವ) ಒರೆಸಿ ಎಣ್ಣೆ ತೆಗೆಯದೆ ಅಂಟಿಸಿದರೆ ಹಿಡಿತ ಅರ್ಧ. ಜೊತೆಗೆ ಕ್ಷಣದಲ್ಲಿ ಹಿಡಿಯುವ ಪುಟ್ಟ ಟ್ಯೂಬಿನ ಅಂಟು ಗಾಜಿನ ಹಾಗೆ ಪೆಡಸು. ಬೇಗ ಹಿಡಿಯುತ್ತದೆ, ಆದರೆ ಮರ ಅಲುಗಾಡಿದರೆ ತಾಳುವುದಿಲ್ಲ. ಕೊಳವೆ ಕೂರಿಸಲು ನಾನು ಯಾವಾಗಲೂ ಎರಡು ಟ್ಯೂಬು ಬೆರೆಸುವ ಎಪಾಕ್ಸಿ ಬಳಸುತ್ತೇನೆ. ಅದರಲ್ಲೂ ಐದು ನಿಮಿಷದ್ದಲ್ಲ, ರಾತ್ರಿಯಿಡೀ ಗಟ್ಟಿಯಾಗುವಂಥದ್ದು.

ಬಿಚ್ಚುವುದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಒಳ್ಳೆಯ ಪೆನ್ನುಗಳು ಹಾಳಾಗುವುದು ಇಲ್ಲೇ. ನಾನೂ ಒಂದನ್ನು ಹಾಳುಮಾಡಿದ್ದೇನೆ. ಅದು ಶ್ರೀಗಂಧದ ಪೆನ್ನು. ಸ್ನೇಹಿತರೊಬ್ಬರಿಗೆ ಅವರ ಮಾವ ಕೊಟ್ಟಿದ್ದು. ಕ್ಲಿಪ್ಪು ಅಂಟಿಕೊಂಡಿತ್ತು. ಅಸಿಟೋನ್ ಅಂಟನ್ನು ಕರಗಿಸುತ್ತದೆ ಅಂತ ಗೊತ್ತಿತ್ತು, ಹತ್ತಿಯಲ್ಲಿ ಅದ್ದಿ ತುದಿಗೆ ಸುತ್ತಿಟ್ಟೆ. ಅಂಟು ಕರಗಿತು. ಜೊತೆಗೆ ಎರಡು ಸೆಂಟಿಮೀಟರ್ ಉದ್ದಕ್ಕೆ ಮೇಲಿನ ಹೊಳಪೂ ಕರಗಿ ಬಿಳಿಚಿಕೊಂಡಿತು. ಒಳಗಿದ್ದ ಪ್ಲಾಸ್ಟಿಕ್ ಭಾಗ ಮೆತ್ತಗಾಗಿ ಸೊಟ್ಟಗಾಯಿತು. ಅವತ್ತು ಅವರ ಮುಖ ನೋಡಿದ್ದು ಇನ್ನೂ ನೆನಪಿದೆ. ಅಂದಿನಿಂದ ಮೊದಲು ಬಿಸಿ, ಆಮೇಲೆ ಬಲ, ಕೊನೆಗೆ ಮಾತ್ರ ಅಸಿಟೋನ್. ಅದೂ ಪ್ಲಾಸ್ಟಿಕ್ ಹೊರಗೆ ಬಂದ ಮೇಲೆ, ಲೋಹದ ಮೇಲೆ ಮಾತ್ರ.

ಬಿಸಿಗೆ ಕೂದಲು ಒಣಗಿಸುವ ಡ್ರೈಯರ್ ಸಾಕು. ಲೋಹದ ತುದಿಗೆ ಗಾಳಿ ಹಿಡಿಯಿರಿ, ಮರಕ್ಕೆ ಒದ್ದೆ ಬಟ್ಟೆ ಅಲ್ಲ, ಒಣ ಬಟ್ಟೆ ಸುತ್ತಿ. ಬಲಕ್ಕೆ ಕೊಳವೆಯೊಳಗೆ ಸಡಿಲವಾಗಿ ಹೋಗುವ ಒಂದು ಸರಳು ಬೇಕು, ಅದರ ತುದಿ ಚಪ್ಪಟೆಯಾಗಿರಬೇಕು. ಮೇಲಿನ ಅರ್ಧದ ಕೆಳಬಾಯಿಂದ ಸರಳು ತೂರಿಸಿ ತಲೆಯ ಭಾಗವನ್ನು ಒಳಗಿನಿಂದ ತಟ್ಟಬೇಕು. ಮರವನ್ನು ಮೇಜಿನ ಮೇಲೆ ಊರಬೇಡಿ, ಎಡಗೈಯಲ್ಲಿ ಹಿಡಿದುಕೊಳ್ಳಿ. ಚಿಕ್ಕ ಚಿಕ್ಕ ಏಟು. ಇಕ್ಕಳ ಹಾಕಲೇಬೇಕಾಗಿ ಬಂದರೆ ಹಳೆಯ ಸೈಕಲ್ ಟ್ಯೂಬಿನ ತುಂಡು ನಡುವೆ ಇರಲಿ.

ಮೆಕ್ಯಾನಿಸಂ ಮಾತ್ರ ಬೇರೆ ವಿಷಯ. ಅದನ್ನು ಒಳಗೆ ಒತ್ತುವುದು ಸುಲಭ, ಹೊರಗೆ ಎಳೆಯುವುದು ಕಷ್ಟ. ಮತ್ತೆ ಜೋಡಿಸುವಾಗ ಒಂದೇ ಸಲ ಒತ್ತಬೇಡಿ. ಕೂದಲೆಳೆಯಷ್ಟು ಒತ್ತಿ, ರಿಫಿಲ್ಲು ಹಾಕಿ, ತಿರುಗಿಸಿ ನೋಡಿ. ಮೊನೆ ಸಾಕಷ್ಟು ಹೊರಗೆ ಬರದಿದ್ದರೆ ಇನ್ನೊಂದು ಚೂರು. ಜಾಸ್ತಿ ಹೋದರೆ ಮೊನೆ ಒಳಗೆ ಹೋಗುವುದೇ ಇಲ್ಲ, ಅಂಗಿ ಜೇಬಿಗೆಲ್ಲ ಇಂಕು. ಶಿಕಾಗೋ ಪೆನ್ನು ಒಡೆದಿದ್ದು ಮೇಲಿನ ಅರ್ಧದಲ್ಲಿ. ಹಾಗಾಗಿ ನಾನು ಮೆಕ್ಯಾನಿಸಂ ಮುಟ್ಟಲೇ ಇಲ್ಲ.

ಪೆನ್ನು ಬಿಚ್ಚಿದ ಸಂಜೆ ಆ ಅಪ್ಪನಿಗೆ ಫೋನ್ ಮಾಡಿದೆ. 'ಮೇಷ್ಟ್ರೇ, ಯಾವ ತಿಂಗಳಲ್ಲಿ ಕಡೆದಿರಿ?' ಅಂತ ಕೇಳಿದೆ. 'ಆಗಸ್ಟ್ ಇರಬೇಕು. ಮಳೆ ಹೊಯ್ಯುತ್ತಿತ್ತು, ತೋಟಕ್ಕೆ ಹೋಗೋ ಹಾಗಿರಲಿಲ್ಲ, ಒಳಗೆ ಕೂತು ಮಾಡಿದೆ' ಅಂದರು. ಉಳಿದರ್ಧ ಕಾರಣವೂ ಸಿಕ್ಕಿತು. ಮರ ತನ್ನ ಕೈಲಾದಷ್ಟು ಹಿಗ್ಗಿದ್ದ ತಿಂಗಳಲ್ಲಿ ಅದರ ಅಳತೆ ಗೊತ್ತುಮಾಡಿದ್ದರು. ಅದು ಹೋಗಿ ನಿಂತದ್ದು ಅತಿ ಒಣ ಜಾಗದಲ್ಲಿ. ಮಂಚದ ಕಾಲು ಅಷ್ಟು ಹಳೆಯದು, ಚೇಗು, ಅಂದರೆ ಮರದ ಒಳತಿರುಳು, ಗಟ್ಟಿ ಇದೆ, ಇನ್ನೇನು ಒಣಗಬೇಕು ಅಂತ ಅವರು ಅಂದುಕೊಂಡಿದ್ದರು. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ನೂರು ವರ್ಷದ ಮರವೂ ಈ ವರ್ಷದ ಮಳೆಯನ್ನು ಕುಡಿಯುತ್ತದೆ.

ಅವರು ಇನ್ನೊಂದು ಮಾತು ಹೇಳಿದರು. 'ಬಿರುಕು ಮಾತ್ರ ನೋಡಿ. ಉಜ್ಜಿ ನುಣ್ಣಗೆ ಮಾಡಬೇಡಿ. ಅದರಲ್ಲಿ ನನ್ನ ಉಳಿಯ ಗೆರೆ ಇದೆ.' ನಿಜ, ಇತ್ತು. ಕ್ಲಿಪ್ಪಿನ ಕೆಳಗೆ ಬೆಳಕಿಗೆ ಹಿಡಿದರೆ ಮೂರು ನಾಲ್ಕು ಸಣ್ಣ ಉಂಗುರದ ಗೆರೆ ಕಾಣುತ್ತಿತ್ತು. ಈಗ ಅವರ ಕೈ ನಡುಗುತ್ತದೆ, ಲೇತ್ ನಿಂತಿದೆ. ರಿಪೇರಿಯಲ್ಲಿ ಆ ಗೆರೆಗಳು ಹೋಗಿದ್ದರೆ ಪೆನ್ನು ಹೊಸದರ ಹಾಗೆ ಕಾಣುತ್ತಿತ್ತು, ಆದರೆ ಮಗಳ ಕೈಗೆ ಅಪ್ಪನ ಪೆನ್ನು ಸಿಗುತ್ತಿರಲಿಲ್ಲ. ಇಡೀ ಮೈಯನ್ನು ಮತ್ತೆ ಲೇತ್‌ಗೆ ಹಾಕುವ ಯೋಚನೆಯನ್ನು ನಾನು ಅಲ್ಲಿಗೇ ಬಿಟ್ಟೆ.

ಈಗ ಉಪ್ಪಿನ ಡಬ್ಬದ ವಿಷಯ. ಇದನ್ನು ಕೇಳಿದವರೆಲ್ಲ ಬರೆದುಕೊಂಡು ಹೋಗುತ್ತಾರೆ, ನೀವೂ ಬರೆದುಕೊಳ್ಳಿ. ಬಿರುಕು ಮತ್ತೆ ತೆರೆಯದೆ ಕೆಲಸ ಶುರುಮಾಡುವಂತಿಲ್ಲ. ಮೈಸೂರಿನಲ್ಲಿ ಕೂತು ಶಿಕಾಗೋದ ಚಳಿಗಾಲ ತರುವುದು ಹೇಗೆ? ಕೆಲವರು ಅಕ್ಕಿ ಡಬ್ಬದಲ್ಲಿ ಹೂತಿಡಿ ಅನ್ನುತ್ತಾರೆ. ಮಳೆಗಾಲದ ಅಕ್ಕಿಯಲ್ಲೇ ತೇವ ಇರುತ್ತದೆ, ಅದು ಎಷ್ಟು ಒಣಗಿಸುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ಉಪ್ಪಿನ ಗುಣ ಬೇರೆ. ಅಡುಗೆ ಉಪ್ಪಿಗೆ ಸ್ವಲ್ಪವೇ ನೀರು ಹಾಕಿ, ಪೂರ್ತಿ ಕರಗದೆ ಒದ್ದೆ ಮರಳಿನ ಹಾಗೆ ಉಳಿಯಬೇಕು, ಗಾಳಿಯಾಡದ ಡಬ್ಬದಲ್ಲಿ ಮುಚ್ಚಿಟ್ಟರೆ ಒಳಗಿನ ಗಾಳಿಯ ತೇವ 75 ಪರ್ಸೆಂಟಿಗೆ ಬಂದು ನಿಲ್ಲುತ್ತದೆ. ಜಾಸ್ತಿ ಇದ್ದರೆ ಉಪ್ಪು ಎಳೆದುಕೊಳ್ಳುತ್ತದೆ, ಕಡಿಮೆ ಇದ್ದರೆ ಬಿಡುತ್ತದೆ. ಅದೇ ರೀತಿ ಮೆಗ್ನೀಸಿಯಂ ಕ್ಲೋರೈಡ್ ಅನ್ನುವ ಉಪ್ಪನ್ನು ಒದ್ದೆ ಮಾಡಿಟ್ಟರೆ 33 ಪರ್ಸೆಂಟಿಗೆ ನಿಲ್ಲುತ್ತದೆ. ಕಾಲೇಜುಗಳ ಲ್ಯಾಬಿಗೆ ಸಾಮಾನು ಕೊಡುವ ಅಂಗಡಿಯಲ್ಲಿ ಇದು ಸಿಗುತ್ತದೆ. ಒಂದು ಡಬ್ಬ ನಮ್ಮ ಮಳೆಗಾಲ, ಇನ್ನೊಂದು ಡಬ್ಬ ಹೀಟರ್ ಹಾಕಿದ ಮನೆ. ಪೆನ್ನು ಉಪ್ಪಿಗೆ ತಾಗಬಾರದು. ಟೀ ಸೋಸುವ ಜಾಲರಿಯೊಳಗೆ ಮಲಗಿಸಿ, ಜಾಲರಿಯನ್ನು ಒಂದು ಬಟ್ಟಲಿನ ಮೇಲೆ ಎತ್ತರಿಸಿ ಇಡಿ.

ಸಾಕಾಯಿತು ಅಂತ ಹೇಗೆ ಗೊತ್ತಾಗುತ್ತದೆ? ತೂಕದಿಂದ. ಚಿನ್ನ ತೂಗುವಂಥ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ, 0.01 ಗ್ರಾಂ ತೋರಿಸುವಂಥದ್ದು, ಒಂದು ಇಟ್ಟುಕೊಳ್ಳಿ. ಎರಡು ದಿನಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತ ದಿನ ಮರ ಆ ಡಬ್ಬದ ಹವೆಗೆ ಹೊಂದಿಕೊಂಡಿದೆ. ಈ ಪೆನ್ನಿಗೆ ಬರೀ ಎಣ್ಣೆ ಹಚ್ಚಿದ್ದರು. ಎಣ್ಣೆ ತೇವವನ್ನು ತಡೆಯುವುದು ತೀರಾ ಕಡಿಮೆ, ಹಾಗಾಗಿ ಬೇಗ ಒಣಗಿತು. ಎಂಟನೇ ದಿನ ಗೆರೆ ಕಂಡಿತು. ಮೂರು ವಾರಕ್ಕೆ ಫೋಟೋದಲ್ಲಿದ್ದ ಬಿರುಕು ನನ್ನ ಮೇಜಿನ ಮೇಲೆ ಇತ್ತು. ಒಡೆದ ಪೆನ್ನು ನೋಡಿ ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಬಿರುಕು ಪೂರ್ತಿ ತೆರೆದಾಗಲೇ ಗಟ್ಟಿಯಾಗಿ ತುಂಬಿಬಿಟ್ಟರೆ, ಮುಂದೆ ತೇವದ ದಿನಗಳಲ್ಲಿ ಮರಕ್ಕೆ ಹಿಗ್ಗಲು ಜಾಗ ಇರುವುದಿಲ್ಲ. ತನ್ನನ್ನು ತಾನೇ ಒತ್ತಿಕೊಂಡು ನಾರು ಜಜ್ಜಿಹೋಗುತ್ತದೆ. ಮುಂದಿನ ಒಣ ಕಾಲದಲ್ಲಿ ಮೊದಲಿಗಿಂತ ಜಾಸ್ತಿ ಕುಗ್ಗಿ ಹೊಸ ಜಾಗದಲ್ಲಿ ಸೀಳುತ್ತದೆ. ಮುಚ್ಚಿದಾಗ ತುಂಬಿದರೂ ತಪ್ಪು, ಪೂರ್ತಿ ತೆರೆದಾಗ ತುಂಬಿದರೂ ತಪ್ಪು. ಈ ಪೆನ್ನು ವರ್ಷವೆಲ್ಲ ಶಿಕಾಗೋದಲ್ಲಿ ಇರುತ್ತದೆ. ಅಲ್ಲಿ ಚಳಿಗಾಲ ಒಣ, ಬೇಸಿಗೆ ಅಷ್ಟು ಒಣ ಅಲ್ಲ. ಹಾಗಾಗಿ ಡಬ್ಬದಿಂದ ತೆಗೆದು ಎರಡು ಮೂರು ದಿನ ಕೋಣೆಯಲ್ಲಿ ಇಟ್ಟೆ. ಬಿರುಕು ಸುಮಾರು ಮೂರನೇ ಒಂದು ಭಾಗ ಮುಚ್ಚಿತು. ಅಲ್ಲಿ ಕೆಲಸ ಶುರುಮಾಡಿದೆ. ಇದು ಅಳತೆಪಟ್ಟಿಯಲ್ಲಿ ಇರುವ ಲೆಕ್ಕ ಅಲ್ಲ, ನನ್ನ ಅಂದಾಜು. ಬೆಂಗಳೂರಿನಲ್ಲೇ ಇರುವ ಪೆನ್ನಾಗಿದ್ದರೆ ಅರ್ಧಕ್ಕೆ ಬಿಡುತ್ತಿದ್ದೆ. ಉಡುಪಿಯದಾಗಿದ್ದರೆ ಇನ್ನೂ ಮುಚ್ಚಲು ಬಿಡುತ್ತಿದ್ದೆ.

ಮೊದಲು ಒಳಗಿನ ಪೊಳ್ಳು ತುಂಬಬೇಕು. ಎಪಾಕ್ಸಿ ಬೆರೆಸಿ ಡ್ರೈಯರಿನಲ್ಲಿ ಸ್ವಲ್ಪ ಬಿಸಿ ಮಾಡಿದರೆ ಜೇನಿನ ಹಾಗಿದ್ದದ್ದು ಎಣ್ಣೆಯ ಹಾಗಾಗುತ್ತದೆ. ಬಿರುಕಿನ ಬಾಯಿಗೆ ಸೂಜಿಯಿಂದ ಇಟ್ಟರೆ ತಾನೇ ಒಳಗೆ ಎಳೆದುಕೊಳ್ಳುತ್ತದೆ. ಬಿಸಿ ಮಾಡಿದರೆ ಬೇಗ ಗಟ್ಟಿಯಾಗುವುದೂ ನಿಜ, ಕೈ ಚುರುಕಾಗಿರಲಿ. ಹೊರಗೆ ಉಕ್ಕಿದ್ದನ್ನು ಆಗಲೇ ಸ್ಪಿರಿಟ್ಟಿನ ಬಟ್ಟೆಯಿಂದ ಒರೆಸಿ. ದಾರ ಬಿಗಿಯಾಗಿ ಸುತ್ತಬೇಡಿ. ಬಿರುಕನ್ನು ಬಲವಂತವಾಗಿ ಮುಚ್ಚಿ ಅಂಟಿಸುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು.

ಆಮೇಲೆ ಬಿರುಕಿಗೆ ಏನು ತುಂಬುವುದು? ಮರದ ಪುಡಿ ಮತ್ತು ಅಂಟು ಕಲಸಿ ಮೆತ್ತುವುದು ಎಲ್ಲರೂ ಮಾಡುವ ದಾರಿ. ಬೆಂಕಿಕಡ್ಡಿ ತಲೆಯಷ್ಟು ಜಾಗಕ್ಕೆ ಅದು ಸರಿ. ಉದ್ದದ ಬಿರುಕಿಗೆ ಹಾಕಿದರೆ ಒಂದು ಕಪ್ಪು ಗೀಟು ಎಳೆದ ಹಾಗಾಗುತ್ತದೆ, ಯಾಕೆಂದರೆ ಪುಡಿಯಲ್ಲಿ ಎಳೆ ಇಲ್ಲ. ನಾನು ಬಿರುಕಿನೊಳಗೆ ಮರದ ಸೀಳನ್ನೇ, ಅಂದರೆ ತೆಳುವಾದ ಚಕ್ಕೆಯನ್ನೇ, ಕೂರಿಸುತ್ತೇನೆ. ಇದನ್ನು ಕಲಿತದ್ದು ಮೈಸೂರಿನಲ್ಲಿ ಬೀಟೆ ಮರದ ಮೇಲೆ ಇನ್‌ಲೇ ಕೆಲಸ, ಅಂದರೆ ಮರ ಕೊರೆದು ಬೇರೆ ಚೂರು ಕೂರಿಸಿ ಚಿತ್ರ ಮಾಡುವ ಕೆಲಸ, ಮಾಡುವ ಒಬ್ಬ ಹಿರಿಯರಿಂದ. ಮೈಸೂರಿನ ಇನ್‌ಲೇ ಕೆಲಸಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ, ನಿಮಗೆ ಗೊತ್ತಿರಬಹುದು. ಹಿಂದೆ ದಂತ ಕೂರಿಸುತ್ತಿದ್ದರು. ಈಗ ಬೇರೆ ಬೇರೆ ಬಣ್ಣದ ಮರದ ತೆಳುವಾದ ಚೂರುಗಳನ್ನೇ ಕೂರಿಸುತ್ತಾರೆ. ಚಿತ್ರದ ಆನೆಯ ಕಣ್ಣಿಗೆ ಅವರು ಕೂರಿಸುವ ಚುಕ್ಕಿ ನೋಡಿದರೆ ನನ್ನ ಬಿರುಕಿನ ಕೆಲಸ ಏನೇನೂ ಅಲ್ಲ ಅನಿಸುತ್ತದೆ.

ಅವರು ಹೇಳಿಕೊಟ್ಟದ್ದು ಮೂರು. ಸೀಳು ಒಂದೇ ದಪ್ಪ ಇರಬಾರದು, ಕೆಳ ಅಂಚು ತೆಳು, ಮೇಲಂಚು ದಪ್ಪ, ಬೆಣೆಯ ಹಾಗೆ. ಸೀಳಿನ ಎಳೆ ಪೆನ್ನಿನ ಎಳೆಯ ದಿಕ್ಕಿಗೇ ಹೋಗಬೇಕು. ಮೂರನೆಯದು, ಹೆಚ್ಚಾದ ಭಾಗವನ್ನು ಅವತ್ತೇ ಕತ್ತರಿಸಬಾರದು. ನೀರು ಬೆರೆತ ಅಂಟು ಕುಡಿದು ಸೀಳು ಉಬ್ಬಿರುತ್ತದೆ. ಉಬ್ಬಿದಾಗ ಸಮ ಮಾಡಿದರೆ ಒಣಗಿದ ಮೇಲೆ ಕುಸಿದು ಹಳ್ಳ ಬೀಳುತ್ತದೆ. ಎರಡು ದಿನ ಬಿಡು, ಆಮೇಲೆ ಚಾಕು ಹಾಕು ಅಂದರು. ಇಷ್ಟು ಸಣ್ಣ ವಿಷಯವನ್ನು ನಾನು ಎಲ್ಲೂ ಓದಿರಲಿಲ್ಲ.

ಸೀಳಿಗೆ ಮರ ಎಲ್ಲಿಂದ? ಮೇಷ್ಟ್ರು ಅದೇ ಮಂಚದ ಕಾಲಿನಿಂದ ಒಂದು ಗೇಣು ಉದ್ದದ ತುಂಡನ್ನು ಬಸ್ಸಿನಲ್ಲಿ ಪಾರ್ಸೆಲ್ ಕಳಿಸಿದರು. ಬೇರೆ ಬೀಟೆಯೂ ನನ್ನ ಹತ್ತಿರ ಇತ್ತು. ಆದರೆ ಒಂದು ಬೀಟೆ ನೇರಳೆಗೆ ತಿರುಗಿದರೆ ಇನ್ನೊಂದು ಕಂದು. ಅದೇ ಕಾಲಿನ ತುಂಡಾದರೂ ಒಳಗಿನ ಭಾಗ ಗಾಢವಾಗಿತ್ತು, ಪೆನ್ನು ವರ್ಷಗಟ್ಟಲೆ ಬೆಳಕು ಕಂಡು ಸ್ವಲ್ಪ ತಿಳಿಯಾಗಿತ್ತು. ಹಾಗಾಗಿ ಸೀಳು ಕೂತ ಗೆರೆ ಕಾಣುತ್ತದೆ. ಕಾಣಲಿ ಅಂತ ಬಿಟ್ಟೆ. ಬಣ್ಣ ಹಚ್ಚಿ ಮರೆಮಾಡಲಿಲ್ಲ.

ಸಮ ಮಾಡುವಾಗ ಸ್ಯಾಂಡ್ ಪೇಪರನ್ನು ಗೆರೆಯ ಮೇಲೆ ಮಾತ್ರ ಉಪಯೋಗಿಸಿದೆ. ಹಾಳೆಯನ್ನು ಐಸ್‌ಕ್ರೀಂ ಕಡ್ಡಿಗೆ ಅಂಟಿಸಿಕೊಂಡು, ಎರಡೂ ಬದಿಗೆ ಟೇಪು ಹಚ್ಚಿ. 400, 600 ನಂಬರಿನ ಹಾಳೆ, ಅಷ್ಟೇ. ಉಳಿಯ ಗೆರೆಗಳು ಇದ್ದ ಹಾಗೇ ಇವೆ.

ಇನ್ನು ಮೇಲಿನ ಲೇಪ. ಇಲ್ಲಿ ನನಗೆ ಅರಗು ಇಷ್ಟ. ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ರಾತ್ರಿ ನೆನೆಸಿ, ಸೋಸಿ, ಬಟ್ಟೆಯುಂಡೆಯಿಂದ ತೆಳ್ಳಗೆ ಆರೇಳು ಸಲ ಹಚ್ಚುವುದು. ಮೈಗೆ ಮಾತ್ರವಲ್ಲ, ಮರದ ಎರಡು ತುದಿಗೂ ಹಚ್ಚಬೇಕು. ಮರ ನೀರು ಕುಡಿಯುವುದು ಜಾಸ್ತಿ ತುದಿಯಿಂದಲೇ. ಬ್ಯಾಂಡಿನ ಅಡಿ ಮುಚ್ಚಿಹೋಗುವ ಜಾಗ ಅಂತ ಎಲ್ಲರೂ ಅದನ್ನು ಬಿಟ್ಟುಬಿಡುತ್ತಾರೆ. ಅರಗು ತೇವವನ್ನು ಪೂರ್ತಿ ತಡೆಯುವುದಿಲ್ಲ, ಆದರೆ ಬಹಳ ನಿಧಾನ ಮಾಡುತ್ತದೆ. ಹವೆ ಬದಲಾಗುವುದು ನಿಧಾನವಾದರೆ ಮರ ಹೊಂದಿಕೊಳ್ಳುತ್ತದೆ.

ಅರಗಿನ ಮಾತು ಬಂದಾಗ ಚನ್ನಪಟ್ಟಣ ನೆನಪಾಗದೆ ಇರುವುದಿಲ್ಲ. ಅಲ್ಲಿ ಆಲೆ ಮರವನ್ನು ಕಡೆಯುತ್ತಾರೆ. ಬಿಳಿ ಮರ, ಎಳೆ ನುಣುಪು. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ, ಉಜ್ಜುವಿಕೆಯ ಶಾಖಕ್ಕೇ ಅರಗು ಕರಗಿ ಮೈಗೆ ಹತ್ತುತ್ತದೆ. ಒಣಗಿದ ತಾಳೆಗರಿಯಿಂದ ಒತ್ತಿ ಹೊಳಪು ಕೊಡುತ್ತಾರೆ. ಅಂಥ ಪೆನ್ನಿನ ಬಣ್ಣ ಒಂದು ಕಡೆ ಎದ್ದರೆ ಬಣ್ಣದ ಡಬ್ಬಿ ತರಬೇಡಿ. ಮತ್ತೆ ಲೇತ್‌ನಲ್ಲಿ ತಿರುಗಿಸಿ ಬಿಸಿ ಮಾಡಿದರೆ ಅದೇ ಅರಗು ಕರಗಿ ಜಾಗ ತುಂಬಿಕೊಳ್ಳುತ್ತದೆ. ರಿಪೇರಿಗೆ ಇಷ್ಟು ಸ್ನೇಹದ ಲೇಪ ಬೇರೆ ಇಲ್ಲ. ಅದರ ಶತ್ರು ಸ್ಪಿರಿಟ್. 2020ರಲ್ಲಿ, ಎಲ್ಲರೂ ಗಳಿಗೆಗೊಮ್ಮೆ ಕೈಗೆ ಸ್ಯಾನಿಟೈಸರ್ ಹಾಕಿಕೊಳ್ಳುತ್ತಿದ್ದ ದಿನಗಳಲ್ಲಿ, ನನ್ನ ಹತ್ತಿರ ಅಂಟಂಟಾದ ಪೆನ್ನುಗಳು ಸಾಲಾಗಿ ಬಂದವು. ಒಂದರ ಮೇಲೆ ಹೆಬ್ಬೆಟ್ಟಿನ ಗುರುತು ಅಚ್ಚಾಗಿ ನಿಂತಿತ್ತು. ಕೈ ಪೂರ್ತಿ ಒಣಗಿದ ಮೇಲೆ ಪೆನ್ನು ಹಿಡಿಯಿರಿ, ಅಷ್ಟು ಸಾಕು.

ಇಂಕ್ ಪೆನ್ನು ಇಟ್ಟುಕೊಂಡವರಿಗೆ ಒಂದೇ ಮಾತು. ಪ್ಲಾಸ್ಟಿಕ್ ಪೆನ್ನಿನ ಹಾಗೆ ಮರದ ಪೆನ್ನನ್ನು ನೀರಿನ ಲೋಟದಲ್ಲಿ ನೆನೆಹಾಕಬೇಡಿ. ನಿಬ್ಬಿನ ಭಾಗವನ್ನು ಬಿಚ್ಚಿ ಅದನ್ನಷ್ಟೇ ನೆನೆಸಿ. ಆ ಭಾಗ ಎಬೊನೈಟ್ ಅನ್ನುವ ಗಟ್ಟಿ ರಬ್ಬರಿನದಾಗಿದ್ದರೆ ಬಿಸಿನೀರೂ ಬೇಡ, ಬಣ್ಣ ಕೆಡುತ್ತದೆ.

ಶಿಕಾಗೋ ಪೆನ್ನಿಗೆ ಆರು ಸಲ ಅರಗು ಹಚ್ಚಿ, ಜೇನುಮೇಣ ಉಜ್ಜಿ, ಕ್ಲಿಪ್ಪು ಕೂರಿಸಿದೆ. ಸೆಪ್ಟೆಂಬರಿನಲ್ಲಿ ಅವರ ಸಂಬಂಧಿಕರೊಬ್ಬರು ಅಲ್ಲಿಗೆ ಹೋಗುವವರಿದ್ದರು, ಅವರ ಕೈಯಲ್ಲಿ ಕಳಿಸಿದೆ. ಬರೀ ಚೀಲದಲ್ಲಿ ಇಟ್ಟುಕೊಳ್ಳಬೇಡಿ, ಮುಚ್ಚಳದ ಡಬ್ಬಿಯಲ್ಲಿ ಇಡಿ, ಹೀಟರಿನ ಗಾಳಿ ಬೀಸುವ ಮೇಜಿನ ಮೇಲೆ ಬಿಡಬೇಡಿ ಅಂತ ಚೀಟಿ ಬರೆದಿಟ್ಟೆ.

ಈ ಫೆಬ್ರವರಿಯಲ್ಲಿ ಅವರು ಫೋಟೋ ಕಳಿಸಿದರು. ಕೂರಿಸಿದ ಸೀಳು ಗಟ್ಟಿಯಾಗಿ ನಿಂತಿದೆ. ಬ್ಯಾಂಡಿನ ಹತ್ತಿರ ಮಾತ್ರ, ಸೀಳಿನ ಒಂದು ಬದಿಗೆ, ನಾಲ್ಕು ಮಿಲಿಮೀಟರ್ ಉದ್ದಕ್ಕೆ ಕೂದಲಿನಷ್ಟು ಗೆರೆ ಬಿಟ್ಟಿದೆ. ಅಲ್ಲಿ ಮರ ಎಲ್ಲಕ್ಕಿಂತ ತೆಳು. ನಾನು ಮೂರನೇ ಒಂದು ಭಾಗ ಮುಚ್ಚಲು ಬಿಟ್ಟದ್ದು ಸ್ವಲ್ಪ ಜಾಸ್ತಿಯಾಯಿತು, ನಾಲ್ಕನೇ ಒಂದು ಸಾಕಿತ್ತು ಅಂತ ಈಗ ಅನಿಸುತ್ತದೆ. ಏನೂ ಹಚ್ಚಬೇಡಿ, ಬರೆಯುತ್ತಿರಿ, ಮುಂದಿನ ಸಲ ಬರುವಾಗ ತನ್ನಿ ಅಂತ ಹೇಳಿದ್ದೇನೆ. ಮಂಚದ ಕಾಲಿನ ಉಳಿದ ತುಂಡು ನನ್ನ ಹತ್ತಿರವೇ ಇದೆ, ಮೇಲೆ ಮೇಷ್ಟ್ರ ಊರಿನ ಹೆಸರು ಬರೆದು 33ರ ಡಬ್ಬದಲ್ಲಿ ಇಟ್ಟಿದ್ದೇನೆ.